ಊಟದಿಂದ ಬರುವ ಹುಳು: ಅಪಾಯ ಯಾರಿಗೆ, ಯಾವ ಪರೀಕ್ಷೆ ಯಾವಾಗ?

"ಮಲ ಪರೀಕ್ಷೆ ಮಾಡಿಸಿದೆ, ಏನೂ ಇಲ್ಲ ಅಂತ ಬಂತು. ಹಾಗಾದರೆ ಹುಳು ಇಲ್ಲ ಅಂತಲೇ ಅಲ್ವಾ?" ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಅನುಮಾನ ಇದ್ದರೆ ಸುಮ್ನೆ ಒಂದು ಹುಳುವಿನ ಮಾತ್ರೆ ನುಂಗಿಬಿಟ್ಟರೆ ಆಗುವುದಿಲ್ಲವಾ?"

ಎರಡಕ್ಕೂ ಹೌದು ಅಥವಾ ಇಲ್ಲ ಎಂದು ಹೇಳಿ ಮುಗಿಸಲು ಆಗುವುದಿಲ್ಲ. ಊಟದ ಜೊತೆ ಮೈ ಸೇರುವ ಹುಳುಗಳಲ್ಲಿ ಕೆಲವು ಕರುಳಿನಲ್ಲೇ ಬೆಳೆದು ಅಲ್ಲೇ ಮೊಟ್ಟೆ ಇಡುತ್ತವೆ. ಕೆಲವು ಪಿತ್ತನಾಳಕ್ಕೆ, ಶ್ವಾಸಕೋಶಕ್ಕೆ, ಮಾಂಸಖಂಡಕ್ಕೆ, ಮಿದುಳಿಗೆ ಹೋಗಿ ಕೂರುತ್ತವೆ. ಹೀಗೆ ಕೂತ ಹುಳುಗಳಲ್ಲಿ ಕೆಲವುದರ ಸುಳಿವು ಮಲದಲ್ಲಿ ಎಂದಿಗೂ ಸಿಗುವುದಿಲ್ಲ. ಇನ್ನು ಕೆಲವುದರ ಸುಳಿವು ಸಿಗಲು ತಿಂಗಳುಗಟ್ಟಲೆ ಬೇಕು. ನೀವು ಏನು ತಿಂದಿರಿ, ಯಾವಾಗ ತಿಂದಿರಿ ಎಂಬುದು ಗೊತ್ತಾದರೆ ಮಾತ್ರ ವೈದ್ಯರು ಸರಿಯಾದ ಪರೀಕ್ಷೆ ಬರೆಯಬಲ್ಲರು. ಆ ಮಾಹಿತಿ ಇರುವುದು ನಿಮ್ಮ ಹತ್ತಿರ ಮಾತ್ರ. ಅದನ್ನು ಹೇಗೆ ಜೋಡಿಸಿಕೊಳ್ಳುವುದು, ಪರೀಕ್ಷೆಗೆ ಹೇಗೆ ಸಿದ್ಧವಾಗುವುದು, ರಿಪೋರ್ಟ್ ಬಂದ ಮೇಲೆ ಏನು ಕೇಳುವುದು ಎಂಬುದನ್ನು ಒಂದೊಂದೇ ಹಂತವಾಗಿ ಹೇಳುತ್ತೇನೆ.

ಈ ಲಕ್ಷಣಗಳಿದ್ದರೆ ಮುಂದೆ ಓದಬೇಡಿ, ಆಸ್ಪತ್ರೆಗೆ ಹೋಗಿ

ಮೊದಲ ಸಲ ಫಿಟ್ಸ್ ಬಂದರೆ. ಕತ್ತು ಬಿಗಿದು, ವಾಂತಿಯಾಗಿ, ತಡೆಯಲಾಗದ ತಲೆನೋವು ಬಂದರೆ. ಇದ್ದಕ್ಕಿದ್ದಂತೆ ಕಣ್ಣು ಮಂಜಾದರೆ. ಹಸಿ ಮೀನು ತಿಂದ ಕೆಲವೇ ಗಂಟೆಗಳಲ್ಲಿ ಹೊಟ್ಟೆಯಲ್ಲಿ ಜೋರು ನೋವು ಎದ್ದರೆ ಅಥವಾ ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟಿದರೆ. ಜ್ವರದ ಜೊತೆ ಕಣ್ಣು ಹಳದಿಯಾದರೆ. ಮಗುವಿಗೆ ಹೊಟ್ಟೆ ಉಬ್ಬಿ, ವಾಂತಿ ಶುರುವಾಗಿ, ಮಲ ಹೋಗುವುದೇ ನಿಂತರೆ. ದುಂಡುಹುಳುಗಳು ಗಂಟುಕಟ್ಟಿಕೊಂಡು ಕರುಳನ್ನು ಮುಚ್ಚಿಬಿಡಬಹುದು. ಇವು ಯಾವುದಕ್ಕೂ ಮಲದ ಡಬ್ಬಿ ಹಿಡಿದು ನಾಳೆಗೆ ಕಾಯುವಂತಿಲ್ಲ.

ಹಂತ 1: ತಿಂದದ್ದನ್ನು ಬರೆದಿಡಿ

ಒಂದು ಹಾಳೆ ತೆಗೆದುಕೊಳ್ಳಿ. ಕಳೆದ ಆರು ತಿಂಗಳಲ್ಲಿ ಹಸಿಯಾಗಿ ಅಥವಾ ಅರೆಬೆಂದಂತೆ ತಿಂದದ್ದನ್ನು ನೆನಪಿಸಿಕೊಂಡು ಬರೆಯಿರಿ. ಅದಕ್ಕೂ ಹಿಂದಿನದು ನೆನಪಿದ್ದರೆ ಅದನ್ನೂ ಸೇರಿಸಿ, ಏಕೆಂದರೆ ಪಿತ್ತನಾಳದಲ್ಲಿ ವಾಸಿಸುವ ಕೆಲವು ಚಪ್ಪಟೆಹುಳುಗಳು 20 ವರ್ಷ ದಾಟಿಯೂ ಬದುಕಿರಬಲ್ಲವು. ಮೀನಿನಿಂದ ಬರುವ ಲಾಡಿಹುಳುವಿನ ಆಯಸ್ಸೂ ಕಡಿಮೆಯೇನಲ್ಲ. ಅದು 25 ವರ್ಷದವರೆಗೆ ಬದುಕುತ್ತದೆ.

ಮಾಂಸದಿಂದ ಶುರು ಮಾಡಿ. ಬೇಯದ ಹಂದಿಮಾಂಸದಿಂದ ಎರಡು ಬಗೆಯ ಹುಳು ಬರುತ್ತದೆ. ಒಂದು ಟೀನಿಯಾ ಸೋಲಿಯಂ ಎಂಬ ಲಾಡಿಹುಳು. ಲಾಡಿಯಂತೆ ಚಪ್ಪಟೆಯಾಗಿ, ತುಂಡು ತುಂಡು ಜೋಡಿಸಿದಂತೆ ಇರುವುದರಿಂದ ಆ ಹೆಸರು. ಸಾಮಾನ್ಯವಾಗಿ 2ರಿಂದ 7 ಮೀಟರ್ ಉದ್ದ ಬೆಳೆಯುತ್ತದೆ. ಇನ್ನೊಂದು ಟ್ರಿಕಿನೆಲ್ಲಾ, ಕಣ್ಣಿಗೆ ಕಾಣದಷ್ಟು ಸಣ್ಣದು. ಇದರ ಮರಿಹುಳುಗಳು ನಮ್ಮ ಮಾಂಸಖಂಡಗಳ ಒಳಗೆ ಸುರುಳಿ ಸುತ್ತಿಕೊಂಡು ಕೂರುತ್ತವೆ. ಕಾಡುಹಂದಿ, ಕರಡಿಯಂಥ ಕಾಡುಪ್ರಾಣಿಗಳ ಮಾಂಸದಿಂದಲೂ ಟ್ರಿಕಿನೆಲ್ಲಾ ಬರುತ್ತದೆ. ದನದ ಮಾಂಸ ಅರೆಬೆಂದಿದ್ದರೆ ಟೀನಿಯಾ ಸ್ಯಾಜಿನೇಟಾ ಎಂಬ ಇನ್ನೊಂದು ಲಾಡಿಹುಳು ಬರಬಹುದು.

ಮೀನಿನ ವಿಷಯದಲ್ಲಿ ಸಮುದ್ರದ್ದೋ ಸಿಹಿನೀರಿನದ್ದೋ ಎಂದು ತಪ್ಪದೆ ಬರೆಯಿರಿ. ಹಸಿ ಸಮುದ್ರಮೀನಿನಿಂದ ಬರುವುದು ಅನಿಸಾಕಿಸ್. ಇದರ ಮರಿಹುಳು ಹೊಟ್ಟೆಯ ಗೋಡೆಗೆ ತಲೆ ತೂರಿಸುತ್ತದೆ. ಸಿಹಿನೀರಿನ ಹಸಿ ಮೀನಿನಿಂದ ಬರುವವು ಲಿವರ್‌ನ ಪಿತ್ತನಾಳ ಸೇರುವ ಕ್ಲೋನಾರ್ಕಿಸ್ ಮತ್ತು ಒಪಿಸ್ತಾರ್ಕಿಸ್. ಇವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಒಪಿಸ್ತಾರ್ಕಿಸ್ ವೈವೆರಿನಿ ಮತ್ತು ಕ್ಲೋನಾರ್ಕಿಸ್ ಸೈನೆನ್ಸಿಸ್ ಎರಡನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿದೆ. ವರ್ಷಗಟ್ಟಲೆ ಒಳಗಿದ್ದರೆ ಪಿತ್ತನಾಳದ ಕ್ಯಾನ್ಸರ್‌ಗೆ ದಾರಿ ಮಾಡಿಕೊಡುತ್ತವೆ. ಮೀನಿನ ಲಾಡಿಹುಳುವೂ ಹೆಚ್ಚಾಗಿ ಬರುವುದು ಸಿಹಿನೀರಿನ ಮೀನಿನಿಂದ, ಇಲ್ಲವೇ ಸಮುದ್ರಕ್ಕೂ ನದಿಗೂ ಓಡಾಡುವ ಮೀನಿನಿಂದ. ಅದು ನಮ್ಮ ಪಾಲಿನ ಬಿ12 ವಿಟಮಿನ್ ಕಬಳಿಸಿ ರಕ್ತಹೀನತೆ ತರಬಹುದು.

ಸಿಹಿನೀರಿನ ಏಡಿ ಸರಿಯಾಗಿ ಬೆಂದಿರದಿದ್ದರೆ ಪ್ಯಾರಗೋನಿಮಸ್, ಅಂದರೆ ಶ್ವಾಸಕೋಶದ ಚಪ್ಪಟೆಹುಳು. ಹಸಿ ಬಸವನಹುಳುವಿನಿಂದ, ಅಥವಾ ಸಣ್ಣ ಬಸವನಹುಳು ಅಂಟಿಕೊಂಡಿದ್ದ ಸೊಪ್ಪನ್ನು ತೊಳೆಯದೆ ತಿಂದಿದ್ದರಿಂದ ಆ್ಯಂಜಿಯೋಸ್ಟ್ರಾಂಜಿಲಸ್. ಇದು ಮಿದುಳಿನ ಪೊರೆಗೆ ಊತ ತರುತ್ತದೆ.

ಮಾಂಸ ತಿನ್ನದವರು ಇಲ್ಲಿಗೇ ನಿಲ್ಲಿಸಬೇಡಿ, ನಿಮ್ಮ ಭಾಗ ಈಗ ಬಂತು. ನೀರಿನಲ್ಲೇ ಬೆಳೆಯುವ ಸೊಪ್ಪನ್ನು ಹಸಿಯಾಗಿ ತಿಂದರೆ ಫ್ಯಾಸಿಯೋಲಾ ಎಂಬ ಲಿವರ್ ಹುಳು ಬರಬಹುದು. ಮಣ್ಣು ಹತ್ತಿದ ಹಸಿ ತರಕಾರಿಯಿಂದ ದುಂಡುಹುಳು ಮತ್ತು ಚಾಟಿಹುಳುವಿನ ಮೊಟ್ಟೆ ಬರುತ್ತದೆ. ನಾಯಿಯ ಮಲ ಸೇರಿದ ಮಣ್ಣು, ನೀರು, ತರಕಾರಿಯಿಂದ ಲಿವರ್‌ನಲ್ಲಿ ನೀರುಗುಳ್ಳೆ ಮಾಡುವ ಎಕೈನೊಕಾಕಸ್ ಬರುತ್ತದೆ.

ಎಲ್ಲಕ್ಕಿಂತ ಜಾಸ್ತಿ ತಪ್ಪು ತಿಳಿವಳಿಕೆ ಇರುವ ಒಂದು ಸಂಗತಿಯನ್ನು ಇಲ್ಲಿ ಬಿಡಿಸಿ ಹೇಳಲೇಬೇಕು. ಹಂದಿಮಾಂಸವನ್ನು ಜೀವನದಲ್ಲಿ ಮುಟ್ಟದವರ ಮಿದುಳಿನಲ್ಲೂ ಟೀನಿಯಾ ಸೋಲಿಯಂ ಗುಳ್ಳೆ ಕಾಣಿಸಿಕೊಳ್ಳುತ್ತದೆ. ಹೇಗೆ? ಗುಳ್ಳೆಯಿರುವ ಮಾಂಸ ಬೇಯಿಸದೆ ತಿಂದವರ ಕರುಳಿನಲ್ಲಿ ದೊಡ್ಡ ಲಾಡಿಹುಳು ಬೆಳೆಯುತ್ತದೆ. ಅವರ ಮಲದಲ್ಲಿ ಸಾವಿರಾರು ಮೊಟ್ಟೆ ಹೊರಬೀಳುತ್ತವೆ. ಶೌಚದ ನಂತರ ಕೈ ಸರಿಯಾಗಿ ತೊಳೆಯದೆ ಅಡುಗೆ ಮುಟ್ಟಿದರೆ, ಅಥವಾ ಆ ಮಲ ನೀರಿಗೋ ಹೊಲಕ್ಕೋ ಸೇರಿದರೆ, ಮೊಟ್ಟೆ ಇನ್ನೊಬ್ಬರ ಬಾಯಿಗೆ ಹೋಗುತ್ತದೆ. ಆ ಮೊಟ್ಟೆ ಒಡೆದು ಬಂದ ಮರಿ ರಕ್ತದ ಜೊತೆ ಸಾಗಿ ಮಾಂಸಖಂಡ, ಕಣ್ಣು, ಮಿದುಳು ಸೇರಿ ಗುಳ್ಳೆಯಾಗುತ್ತದೆ. ಮಿದುಳಿನ ಗುಳ್ಳೆಗೆ ನ್ಯೂರೋಸಿಸ್ಟಿಸರ್ಕೋಸಿಸ್ ಎನ್ನುತ್ತಾರೆ. ಅಂದರೆ ಮಾಂಸದಿಂದ ಬರುವುದು ಕರುಳಿನ ಲಾಡಿಹುಳು. ಮಿದುಳಿನ ಗುಳ್ಳೆ ಬರುವುದು ಲಾಡಿಹುಳು ಇರುವ ಮನುಷ್ಯನ ಮಲದಿಂದ. ಆ ಮನುಷ್ಯ ಅದೇ ಮನೆಯವರಾಗಿರಬಹುದು. ತನ್ನ ಹುಳುವಿನ ಮೊಟ್ಟೆ ತನ್ನದೇ ಬಾಯಿಗೆ ಹೋಗುವುದೂ ಉಂಟು.

ಇದು ಅಪರೂಪದ ಕಾಯಿಲೆ ಎಂದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಈ ಹುಳು ಬೇರೂರಿರುವ ಅನೇಕ ಪ್ರದೇಶಗಳಲ್ಲಿ ಮೂರ್ಛೆರೋಗದ ಸುಮಾರು 30% ಪ್ರಕರಣಗಳಿಗೆ ಇದೇ ಕಾರಣ. ಅದೇ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಸೇರಿ 2014ರಲ್ಲಿ ಆಹಾರದಿಂದ ಹರಡುವ 24 ಪರಾವಲಂಬಿಗಳನ್ನು ತೂಗಿ ನೋಡಿದಾಗ ಮೊದಲ ಸ್ಥಾನ ಸಿಕ್ಕಿದ್ದು ಟೀನಿಯಾ ಸೋಲಿಯಂಗೆ. ಎರಡನೆಯದು ನಾನು ಮೇಲೆ ಹೇಳಿದ ನೀರುಗುಳ್ಳೆಯ ಹುಳು.

ಎಚ್ಚರಿಕೆ: "ಉಪ್ಪಿನಲ್ಲಿ ಹಾಕಿದ್ದೆವು, ಹುಳಿ ಹಿಂಡಿದ್ದೆವು, ಹೊಗೆ ಹಾಕಿ ಒಣಗಿಸಿದ್ದೆವು" ಎಂದು ಆ ಆಹಾರವನ್ನು ಪಟ್ಟಿಯಿಂದ ಬಿಡಬೇಡಿ. ಹುಳುವನ್ನು ಕೊಲ್ಲಲು ಇವನ್ನು ನಂಬುವಂತಿಲ್ಲ. ನಂಬಬಹುದಾದದ್ದು ಶಾಖ. ಮೀನಿನ ಒಳಭಾಗ 63 ಡಿಗ್ರಿ ಸೆಲ್ಸಿಯಸ್, ಕೊಚ್ಚಿದ ಮಾಂಸ ಮತ್ತು ಕಾಡುಪ್ರಾಣಿ ಮಾಂಸ 71 ಡಿಗ್ರಿ ಮುಟ್ಟಬೇಕು. ಹಸಿಯಾಗಿ ತಿನ್ನುವ ಮೀನನ್ನು ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಟ್ಟಿರಬೇಕು. ಮನೆಯ ಫ್ರಿಜ್ಜಿನ ಮೇಲಿನ ಅರೆ ಎಷ್ಟೋ ಸಲ ಅಷ್ಟು ತಣ್ಣಗಿರುವುದಿಲ್ಲ. ಕಾಡುಪ್ರಾಣಿಗಳಲ್ಲಿರುವ ಕೆಲವು ಜಾತಿಯ ಟ್ರಿಕಿನೆಲ್ಲಾ ಹೆಪ್ಪುಗಟ್ಟಿಸಿದರೂ ಸಾಯುವುದಿಲ್ಲ.

ಹಂತ 2: ನಿಮ್ಮ ಸುತ್ತಲಿನದನ್ನೂ ಸೇರಿಸಿ

ಅದೇ ಹಾಳೆಯ ಇನ್ನೊಂದು ಬದಿಯಲ್ಲಿ ಇವನ್ನು ಬರೆಯಿರಿ. ಮನೆಯಲ್ಲಿ ಯಾರಿಗಾದರೂ ಮಲದಲ್ಲಿ ಹುಳುವಿನ ತುಂಡು ಹೋಗಿದೆಯೇ? ಅದೇ ಊಟ ಮಾಡಿದ ಬೇರೆಯವರಿಗೂ ಹೀಗೇ ಆಗಿದೆಯೇ? ಮೂರು ನಾಲ್ಕು ಜನಕ್ಕೆ ಒಟ್ಟಿಗೆ ಜ್ವರ, ಮೈಕೈನೋವು ಬಂದು ಎಲ್ಲರೂ ಒಂದೇ ಮಾಂಸ ತಿಂದಿದ್ದರೆ ವೈದ್ಯರ ಯೋಚನೆ ಆ ಕ್ಷಣವೇ ಟ್ರಿಕಿನೆಲ್ಲಾ ಕಡೆ ತಿರುಗುತ್ತದೆ. ಯಾವ ದೇಶ, ಯಾವ ಪ್ರದೇಶಕ್ಕೆ ಹೋಗಿದ್ದಿರಿ? ಲಿವರ್‌ನ ಚಪ್ಪಟೆಹುಳುಗಳು ಪೂರ್ವ ಮತ್ತು ಆಗ್ನೇಯ ಏಷ್ಯಾದಲ್ಲಿ ಜಾಸ್ತಿ. ಅಲ್ಲಿ ವರ್ಷಗಳ ಹಿಂದೆ ಇದ್ದು ಬಂದದ್ದೂ ಲೆಕ್ಕಕ್ಕೆ ಬರುತ್ತದೆ. ಬಯಲು ಶೌಚ ಇರುವ ಕಡೆ, ಚರಂಡಿ ನೀರು ಹಾಯಿಸಿ ತರಕಾರಿ ಬೆಳೆಯುವ ಕಡೆ ಇದ್ದೀರಾ? ನಾಯಿ ಸಾಕಿದ್ದೀರಾ, ಅದಕ್ಕೆ ಹುಳುವಿನ ಔಷಧಿ ಹಾಕಿಸುತ್ತೀರಾ? ಮಗು ಮಣ್ಣು ತಿನ್ನುತ್ತದೆಯೇ?

ನೀವು ತೆಗೆದುಕೊಳ್ಳುತ್ತಿರುವ ಔಷಧಿಗಳನ್ನೂ ಬರೆಯಿರಿ, ಸ್ಟೀರಾಯ್ಡ್ ಇದ್ದರೆ ಅಡಿಗೆರೆ ಹಾಕಿ. ಸ್ಟ್ರಾಂಜಿಲಾಯ್ಡಿಸ್ ಎಂಬ ಹುಳು ಊಟದಿಂದ ಬರುವುದಲ್ಲ, ಚರ್ಮದ ಮೂಲಕ ಬರುತ್ತದೆ. ಆದರೂ ಅದು ಒಳಗಿದ್ದಾಗ ಸ್ಟೀರಾಯ್ಡ್ ಕೊಟ್ಟರೆ ಮೈಯೆಲ್ಲ ಹರಡಿ ಪ್ರಾಣಕ್ಕೇ ಕುತ್ತು ತರಬಹುದು. ಅದಕ್ಕೇ ವೈದ್ಯರಿಗೆ ಇದು ಗೊತ್ತಿರಬೇಕು.

ಹಂತ 3: ದಿನಗಳನ್ನು ಲೆಕ್ಕ ಹಾಕಿ

ತುಂಬ ಜನ ಎಡವುವುದು ಇಲ್ಲೇ. ಹೋದ ವಾರ ಅರೆಬೆಂದ ಮಾಂಸ ತಿಂದು ಈ ವಾರ ಮಲ ಪರೀಕ್ಷೆ ಮಾಡಿಸಿ "ಏನೂ ಇಲ್ಲ" ಎಂದು ಸಮಾಧಾನಪಡುತ್ತಾರೆ. ಮೊಟ್ಟೆ ಕಾಣಬೇಕಾದರೆ ಮೊದಲು ಹುಳು ಬೆಳೆದು ದೊಡ್ಡದಾಗಬೇಕಲ್ಲವೇ? ಟೀನಿಯಾ ಲಾಡಿಹುಳುವಿಗೆ ಅದಕ್ಕೆ 2ರಿಂದ 3 ತಿಂಗಳು ಬೇಕು. ದುಂಡುಹುಳುವಿಗೂ ಸುಮಾರು ಅಷ್ಟೇ. ಕ್ಲೋನಾರ್ಕಿಸ್‌ಗೆ ಸುಮಾರು ಒಂದು ತಿಂಗಳು ಸಾಕು. ಪ್ಯಾರಗೋನಿಮಸ್‌ಗೆ 2ರಿಂದ 3 ತಿಂಗಳು. ಫ್ಯಾಸಿಯೋಲಾ ಎಲ್ಲಕ್ಕಿಂತ ನಿಧಾನ, 3ರಿಂದ 4 ತಿಂಗಳು ತೆಗೆದುಕೊಳ್ಳುತ್ತದೆ. ಆದರೆ ಲಿವರನ್ನು ಕೊರೆದುಕೊಂಡು ಹೋಗುವಾಗ ಬರುವ ಜ್ವರ, ಬಲಭಾಗದ ಹೊಟ್ಟೆನೋವು ಅದಕ್ಕೂ ಮೊದಲೇ ಶುರುವಾಗಿರುತ್ತದೆ. ಆಗ ಮಲ ನೋಡಿದರೆ ಏನೂ ಸಿಗದು.

ಲಕ್ಷಣಗಳಿಗೂ ಅವುಗಳದೇ ಕಾಲ ಇದೆ. ಅನಿಸಾಕಿಸ್ ಹೊಟ್ಟೆನೋವು ಗಂಟೆಗಳಲ್ಲಿ ಬರುತ್ತದೆ. ಟ್ರಿಕಿನೆಲ್ಲಾದಲ್ಲಿ ಒಂದೆರಡು ದಿನಕ್ಕೆ ಹೊಟ್ಟೆ ಕೆಡುತ್ತದೆ. ಆಮೇಲೆ ಎರಡು ವಾರದ ಆಸುಪಾಸಿಗೆ ಅಥವಾ ಇನ್ನೂ ತಡವಾಗಿ ಜ್ವರ, ಮಾಂಸಖಂಡಗಳ ನೋವು, ಕಣ್ಣಿನ ಸುತ್ತ ಊತ ಬರುತ್ತದೆ. ಹೊಟ್ಟೆ ಕೆಟ್ಟದ್ದನ್ನು ಅಷ್ಟರಲ್ಲಿ ಮರೆತೇಬಿಟ್ಟಿರುತ್ತೇವೆ. ಆ್ಯಂಜಿಯೋಸ್ಟ್ರಾಂಜಿಲಸ್ ತಲೆನೋವು ಸಾಮಾನ್ಯವಾಗಿ 1ರಿಂದ 3 ವಾರಕ್ಕೆ ಕಾಣಿಸುತ್ತದೆ. ಮಿದುಳಿನ ಗುಳ್ಳೆಗೆ ಮಾತ್ರ ಯಾವ ಲೆಕ್ಕವೂ ಇಲ್ಲ. ತಿಂಗಳುಗಳಿಂದ ಹಿಡಿದು ಎಷ್ಟೋ ವರ್ಷ ಸುಮ್ಮನಿದ್ದು, ಗುಳ್ಳೆ ಸಾಯುವ ಹೊತ್ತಿಗೆ ಫಿಟ್ಸ್ ತರಿಸುತ್ತದೆ.

ಹಾಗಾಗಿ ನಿಮ್ಮ ಹಾಳೆಯಲ್ಲಿ ತಿಂದ ದಿನ ಒಂದು ಕಡೆ, ಲಕ್ಷಣ ಶುರುವಾದ ದಿನ ಇನ್ನೊಂದು ಕಡೆ ಇರಲಿ. ನಿಖರ ತಾರೀಖು ನೆನಪಿಲ್ಲದಿದ್ದರೆ "ಸುಮಾರು ಎರಡು ತಿಂಗಳ ಹಿಂದೆ" ಎಂದರೂ ಆಯಿತು.

ಹಂತ 4: ಪರೀಕ್ಷೆಗೆ ಮೊದಲು ಮಾತ್ರೆ ನುಂಗಬೇಡಿ

ಹುಳುವಿನ ಹಾವಳಿ ಜಾಸ್ತಿ ಇರುವ ಪ್ರದೇಶಗಳಲ್ಲಿ ಶಾಲೆಯ ಮಕ್ಕಳಿಗೆ ಸಾಮೂಹಿಕವಾಗಿ ಕೊಡುವ ಅಲ್ಬೆಂಡಜೋಲ್ ಎಂಬ ಹುಳುವಿನ ಮಾತ್ರೆಯ ಬಗ್ಗೆ ನಾನು ಇಲ್ಲಿ ಹೇಳುತ್ತಿಲ್ಲ. ಅದು ಒಳ್ಳೆಯ ಕೆಲಸ, ನಡೆಯಲಿ. ನಾನು ಹೇಳುತ್ತಿರುವುದು ಲಕ್ಷಣ ಇರುವವರು ತಾವಾಗಿಯೇ ಅಂಗಡಿಯಿಂದ ತಂದು ನುಂಗುವುದರ ಬಗ್ಗೆ.

ಒಂದು ಕಾರಣ ಸರಳ. ಮಾತ್ರೆ ನುಂಗಿದ ಮೇಲೆ ಮೊಟ್ಟೆಗಳು ಕಡಿಮೆಯಾಗಿ ರಿಪೋರ್ಟ್ ಸುಳ್ಳು ಸಮಾಧಾನ ಕೊಡಬಹುದು. ಇನ್ನೊಂದು ಕಾರಣ ಗಂಭೀರ. ಲಾಡಿಹುಳುವಿಗೆ ಕೊಡುವ ಪ್ರಾಜಿಕ್ವಾಂಟೆಲ್ ರಕ್ತಕ್ಕೆ ಸೇರಿ ಮಿದುಳನ್ನೂ ತಲುಪುತ್ತದೆ. ನಿಮಗೆ ಗೊತ್ತಿಲ್ಲದೆ ಮಿದುಳಿನಲ್ಲಿ ಗುಳ್ಳೆಗಳಿದ್ದರೆ ಅವು ಸಾಯುವಾಗ ಸುತ್ತ ಊತ ಬಂದು ಫಿಟ್ಸ್ ಆಗಬಹುದು. ಅಲ್ಬೆಂಡಜೋಲ್ ಕೂಡ ಮಿದುಳಿನ ಗುಳ್ಳೆಯ ಮೇಲೆ ಕೆಲಸ ಮಾಡುವ ಔಷಧಿಯೇ. ಕಣ್ಣಿನೊಳಗೆ ಗುಳ್ಳೆ ಇದ್ದರೆ ದೃಷ್ಟಿಗೇ ಅಪಾಯ. ಅದಕ್ಕೇ ಮಿದುಳಿನ ಗುಳ್ಳೆಗೆ ಚಿಕಿತ್ಸೆ ಕೊಡುವಾಗ ಮೊದಲು ಕಣ್ಣು ಪರೀಕ್ಷಿಸುತ್ತಾರೆ, ಊತ ತಡೆಯಲು ಸ್ಟೀರಾಯ್ಡ್ ಜೊತೆಗಿಡುತ್ತಾರೆ. ತಲೆನೋವು ಅಥವಾ ಫಿಟ್ಸ್‌ನ ಇತಿಹಾಸ ಇರುವವರು ಇದನ್ನು ವೈದ್ಯರಿಗೆ ಹೇಳದೆ ಹುಳುವಿನ ಮಾತ್ರೆ ಮುಟ್ಟಲೇಬಾರದು. ಇನ್ನು ಫ್ಯಾಸಿಯೋಲಾಗೆ ಬೇಕಾದ ಔಷಧಿ ಟ್ರೈಕ್ಲಾಬೆಂಡಜೋಲ್. ನೀವು ನುಂಗಿದ ಸಾಮಾನ್ಯ ಮಾತ್ರೆ ಅದಕ್ಕೆ ನಾಟುವುದಿಲ್ಲ.

ಹಂತ 5: ಮಲದ ಸ್ಯಾಂಪಲ್ ಸರಿಯಾಗಿ ಕೊಡಿ

ಲ್ಯಾಬಿನಿಂದ ಅಗಲ ಬಾಯಿಯ, ಬಿಗಿಯಾದ ಮುಚ್ಚಳದ ಒಣ ಡಬ್ಬಿ ತೆಗೆದುಕೊಳ್ಳಿ. ಮಲವನ್ನು ಒಂದು ಶುಭ್ರವಾದ, ಒಣ ಕಾಗದ ಅಥವಾ ಪ್ಲಾಸ್ಟಿಕ್ ಮೇಲೆ ಹಿಡಿದು, ಕಡ್ಡಿಯಿಂದ ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು ಎತ್ತಿ ಡಬ್ಬಿಗೆ ಹಾಕಿ. ರಕ್ತ, ಲೋಳೆ ಕಂಡರೆ ಆ ಭಾಗವೂ ಇರಲಿ. ಮೂತ್ರ ಸೇರಬಾರದು. ಶೌಚದ ಗುಂಡಿಯ ನೀರು, ನೆಲದ ಮಣ್ಣು ತಾಗಲೇಬಾರದು, ಏಕೆಂದರೆ ಮಣ್ಣು ನೀರಿನಲ್ಲಿ ತಾವಾಗಿ ಬದುಕುವ ಪುಟ್ಟ ಹುಳುಗಳು ಸ್ಯಾಂಪಲ್‌ಗೆ ಸೇರಿ ಲ್ಯಾಬಿನವರ ಕಣ್ಣು ತಪ್ಪಿಸುತ್ತವೆ.

ಆದಷ್ಟು ಬೇಗ ತಲುಪಿಸಿ. ತಡವಾಗುವಂತಿದ್ದರೆ ಏನು ಮಾಡಬೇಕೆಂದು ಮೊದಲೇ ಲ್ಯಾಬಿನಲ್ಲಿ ಕೇಳಿ. ಕೆಲವರು ಫಾರ್ಮಾಲಿನ್ ಎಂಬ, ಸ್ಯಾಂಪಲ್ ಕೆಡದಂತೆ ಕಾಯುವ ದ್ರಾವಣ ಇರುವ ಡಬ್ಬಿ ಕೊಡುತ್ತಾರೆ. ಅದನ್ನು ಚೆಲ್ಲಿ ಡಬ್ಬಿ ತೊಳೆಯಬೇಡಿ.

ಒಂದೇ ಸ್ಯಾಂಪಲ್ ಸಾಲದು. ಹುಳುಗಳು ಪ್ರತಿದಿನ ಒಂದೇ ಲೆಕ್ಕದಲ್ಲಿ ಮೊಟ್ಟೆ ಹೊರಬಿಡುವುದಿಲ್ಲ. ಹೆಣ್ಣು ದುಂಡುಹುಳು ದಿನಕ್ಕೆ 2 ಲಕ್ಷದವರೆಗೂ ಮೊಟ್ಟೆ ಇಡುವುದರಿಂದ ಸುಲಭವಾಗಿ ಸಿಕ್ಕಿಬೀಳುತ್ತದೆ. ಟೀನಿಯಾ ಹಾಗಲ್ಲ. ಅದರ ತುಂಡು ಕಳಚಿ ಬಿದ್ದ ದಿನ ಮೊಟ್ಟೆ ಕಾಣಬಹುದು, ಮರುದಿನ ಕಾಣದೇ ಇರಬಹುದು. ಹತ್ತು ದಿನದ ಒಳಗೆ ಮೂರು ಬೇರೆ ಬೇರೆ ದಿನದ ಸ್ಯಾಂಪಲ್ ಕೊಡಿ. ಒಂದೇ ದಿನದ ಮಲವನ್ನು ಮೂರು ಡಬ್ಬಿಗೆ ಹಂಚಿದರೆ ಮೂರು ಪರೀಕ್ಷೆ ಮಾಡಿಸಿದಂತೆ ಆಗುವುದಿಲ್ಲ.

ಇತ್ತೀಚೆಗೆ ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆಸಿದ್ದರೆ, ಆ್ಯಂಟಾಸಿಡ್, ಬಿಸ್ಮತ್ ಅಥವಾ ಎಣ್ಣೆಯಂಥ ಭೇದಿ ಔಷಧಿ ತೆಗೆದುಕೊಂಡಿದ್ದರೆ ಹೇಳಿ. ಇವು ಮೊಟ್ಟೆಯನ್ನು ಮರೆಮಾಡುತ್ತವೆ. ಒಂದೆರಡು ವಾರ ತಡೆದು ಸ್ಯಾಂಪಲ್ ಕೊಡಲು ಹೇಳಬಹುದು.

ಲ್ಯಾಬಿಗೆ ಒಂದು ಪ್ರಶ್ನೆ ಕೇಳಲು ಸಂಕೋಚ ಬೇಡ: "ಸಾಂದ್ರೀಕರಣ ವಿಧಾನದಲ್ಲಿ ನೋಡುತ್ತೀರಾ?" ಮಲವನ್ನು ಸೋಸಿ, ತಿರುಗಿಸಿ, ಮೊಟ್ಟೆಗಳನ್ನು ತಳಕ್ಕೆ ಒಟ್ಟುಮಾಡಿ ನೋಡುವ ವಿಧಾನ ಅದು. ಗಾಜಿನ ಮೇಲೆ ಒಂದು ಚೂರು ಹಚ್ಚಿ ಮೈಕ್ರೋಸ್ಕೋಪಿನಲ್ಲಿ ನೋಡಿಬಿಟ್ಟರೆ ಕಡಿಮೆ ಸಂಖ್ಯೆಯ ಮೊಟ್ಟೆ ತಪ್ಪಿಹೋಗುತ್ತದೆ. ಕಾಟೋ-ಕಾಟ್ಜ್ ಎಂಬ ಇನ್ನೊಂದು ವಿಧಾನದಲ್ಲಿ 41.7 ಮಿಲಿಗ್ರಾಂ ಮಲದಲ್ಲಿನ ಮೊಟ್ಟೆ ಎಣಿಸಿ 24ರಿಂದ ಗುಣಿಸುತ್ತಾರೆ. ಒಂದು ಗ್ರಾಂಗೆ ಎಷ್ಟು ಮೊಟ್ಟೆ ಎಂದು ಗೊತ್ತಾಗುತ್ತದೆ. ಸಮೀಕ್ಷೆಗಳಿಗೆ ಅದು ಚೆನ್ನ, ಆದರೆ ಹುಳು ಕಡಿಮೆ ಇರುವವರಲ್ಲಿ ಅದೂ ತಪ್ಪಬಹುದು.

ಹುಳುವೋ ಅದರ ತುಂಡೋ ಕಣ್ಣಿಗೆ ಬಿದ್ದರೆ ಎಸೆಯಬೇಡಿ! ಹತ್ತು ಸ್ಯಾಂಪಲ್‌ಗಿಂತ ಅದು ಮೇಲು. ಆದರೆ ಬರಿಗೈಯಲ್ಲಿ ಮುಟ್ಟಬೇಡಿ, ಟೀನಿಯಾ ಸೋಲಿಯಂ ಆಗಿದ್ದರೆ ಅದರಲ್ಲಿ ಮೊಟ್ಟೆಗಳು ತುಂಬಿರುತ್ತವೆ. ಗ್ಲೌಸ್ ಹಾಕಿಕೊಂಡು, ಕಡ್ಡಿಯಿಂದ ಎತ್ತಿ, ಸಣ್ಣ ಡಬ್ಬಿಯಲ್ಲಿ ಸ್ವಲ್ಪ ನೀರು ಹಾಕಿ ಲ್ಯಾಬಿಗೆ ಕೊಡಿ. ಬಿಳಿ ತುಂಡುಗಳು ತಾವಾಗಿಯೇ ಗುದದಿಂದ ಹೊರಗೆ ಹರಿದಾಡಿದರೆ ಟೀನಿಯಾ ಸ್ಯಾಜಿನೇಟಾ ಇರುವ ಸಾಧ್ಯತೆ ಜಾಸ್ತಿ. ಎಷ್ಟೋ ಸಲ ಅದು ಜೀರ್ಣವಾಗದ ನಾರೋ ಲೋಳೆಯ ಎಳೆಯೋ ಆಗಿರುತ್ತದೆ. ಆಗಲೂ ಲ್ಯಾಬಿನವರು ನೋಡಿ ಹೇಳಿದರೆ ನಿಮ್ಮ ಮನಸ್ಸು ತಿಳಿಯಾಗುತ್ತದೆ.

ಮಕ್ಕಳು ರಾತ್ರಿ ಗುದದ ಹತ್ತಿರ ಕೆರೆದುಕೊಳ್ಳುತ್ತಿದ್ದರೆ ಅದು ದಾರದಂಥ ಸಣ್ಣ ಹುಳು, ಪಿನ್‌ವರ್ಮ್ ಇರಬಹುದು. ಅದು ಮೊಟ್ಟೆ ಇಡುವುದು ಗುದದ ಸುತ್ತಲಿನ ಚರ್ಮದ ಮೇಲೆ. ಮಲದಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ, ತೊಳೆಯುವ ಮೊದಲೇ, ಪಾರದರ್ಶಕ ಅಂಟುಪಟ್ಟಿಯನ್ನು ಅಲ್ಲಿಗೆ ಒತ್ತಿ ಗಾಜಿನ ಪಟ್ಟಿಗೆ ಅಂಟಿಸಿ ಕೊಡಬೇಕು.

ಹಂತ 6: ಮಲದಲ್ಲಿ ಸಿಗದ ಹುಳುಗಳಿಗೆ ಬೇರೆ ಪರೀಕ್ಷೆ

ಅನಿಸಾಕಿಸ್ ನಮ್ಮ ಮೈಯಲ್ಲಿ ದೊಡ್ಡದಾಗುವುದೇ ಇಲ್ಲ, ಆದ್ದರಿಂದ ಮೊಟ್ಟೆಯೂ ಇಲ್ಲ. ಬಾಯಿಯ ಮೂಲಕ ಕ್ಯಾಮೆರಾ ಇಳಿಸುವ ಎಂಡೋಸ್ಕೋಪಿಯಲ್ಲಿ ಹುಳು ಕಾಣುತ್ತದೆ, ಅದೇ ಹೊತ್ತಿನಲ್ಲಿ ಇಕ್ಕಳದಿಂದ ಕಿತ್ತು ತೆಗೆಯುತ್ತಾರೆ. ಪರೀಕ್ಷೆಯೂ ಚಿಕಿತ್ಸೆಯೂ ಒಟ್ಟಿಗೇ ಆಗಿಬಿಡುತ್ತದೆ.

ಟ್ರಿಕಿನೆಲ್ಲಾಗೆ ರಕ್ತಪರೀಕ್ಷೆ. ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣ ಏರಿರುತ್ತದೆ, ಮಾಂಸಖಂಡಕ್ಕೆ ಪೆಟ್ಟಾದಾಗ ಹೆಚ್ಚುವ ಸಿಕೆ ಎಂಬ ಕಿಣ್ವವೂ ಏರಿರುತ್ತದೆ. ಪ್ರತಿಕಾಯ, ಅಂದರೆ ಹುಳುವಿನ ವಿರುದ್ಧ ಮೈ ತಯಾರಿಸುವ ಪ್ರೋಟೀನ್, ರಕ್ತದಲ್ಲಿ ಕಾಣಲು 3 ವಾರ ಅಥವಾ ಇನ್ನೂ ಜಾಸ್ತಿ ಬೇಕಾಗಬಹುದು. ಮೊದಲ ಸಲ ನೆಗೆಟಿವ್ ಬಂದರೆ ಕೆಲವು ವಾರ ಬಿಟ್ಟು ಮತ್ತೆ ಮಾಡಿಸಬೇಕು. ಅನುಮಾನ ಬಗೆಹರಿಯದಿದ್ದರೆ ಮಾಂಸಖಂಡದ ಚೂರು ತೆಗೆದು ನೋಡುತ್ತಾರೆ.

ಪ್ಯಾರಗೋನಿಮಸ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ತಿಂಗಳುಗಟ್ಟಲೆ ಕೆಮ್ಮು, ಕಫದಲ್ಲಿ ರಕ್ತ, ಎಕ್ಸ್‌ರೇಯಲ್ಲಿ ಕಲೆ. ಯಾರಾದರೂ ಮೊದಲು ಯೋಚಿಸುವುದು ಕ್ಷಯ. ಕ್ಷಯಕ್ಕೆಂದು ಕಫಕ್ಕೆ ಬಣ್ಣ ಹಾಕುವ ವಿಧಾನದಲ್ಲಿ ಈ ಹುಳುವಿನ ಮೊಟ್ಟೆ ಹಾಳಾಗಿಬಿಡುತ್ತದೆ. ಹಾಗಾಗಿ ಕಫವನ್ನು ಬಣ್ಣ ಹಾಕದೆಯೂ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಕಫ ನುಂಗಿದಾಗ ಮೊಟ್ಟೆ ಮಲಕ್ಕೂ ಹೋಗುವುದರಿಂದ ಮಲವನ್ನೂ ನೋಡಬೇಕು. ಕ್ಷಯದ ಔಷಧಿಗೆ ಜಗ್ಗದ ಕೆಮ್ಮು ಇದ್ದು, ನೀವು ಎಂದಾದರೂ ಅರೆಬೆಂದ ಸಿಹಿನೀರಿನ ಏಡಿ ತಿಂದಿದ್ದರೆ ಆ ಮಾತನ್ನು ನೀವೇ ಎತ್ತಿ. ವೈದ್ಯರು ಕೇಳದೇ ಇರಬಹುದು.

ಮಿದುಳಿನ ಗುಳ್ಳೆಗೆ ಸಿಟಿ ಮತ್ತು ಎಂಆರ್‌ಐ ಎರಡೂ ಉಪಯುಕ್ತ. ಸತ್ತು ಗಟ್ಟಿಯಾದ ಸುಣ್ಣದಂಥ ಚುಕ್ಕೆಗಳು ಸಿಟಿಯಲ್ಲಿ ಚೆನ್ನಾಗಿ ಕಾಣುತ್ತವೆ. ಜೀವಂತ ಗುಳ್ಳೆ, ಅದರೊಳಗಿನ ತಲೆಯ ಚುಕ್ಕೆ ಎಂಆರ್‌ಐಯಲ್ಲಿ ಚೆನ್ನಾಗಿ ಕಾಣುತ್ತವೆ. ಜೊತೆಗೆ ರಕ್ತದಲ್ಲಿ ಪ್ರತಿಕಾಯ ನೋಡುವ ಪರೀಕ್ಷೆ ಇದೆ. ಗುಳ್ಳೆ ಎರಡು ಅಥವಾ ಹೆಚ್ಚಿದ್ದರೆ ಅದು ಚೆನ್ನಾಗಿ ಹಿಡಿಯುತ್ತದೆ. ಒಂದೇ ಗುಳ್ಳೆ ಇದ್ದರೆ ತಪ್ಪಿಸಿಕೊಳ್ಳಬಹುದು. ಹಾಗಾಗಿ ರಕ್ತ ನೆಗೆಟಿವ್ ಎಂದು ಸ್ಕ್ಯಾನನ್ನು ಪಕ್ಕಕ್ಕಿಡುವಂತಿಲ್ಲ. ಮಿದುಳಿನಲ್ಲಿ ಗುಳ್ಳೆ ಇರುವ ಅನೇಕರ ಕರುಳಿನಲ್ಲಿ ಲಾಡಿಹುಳು ಇರುವುದೇ ಇಲ್ಲ, ಆದ್ದರಿಂದ ಮಲ ಪರೀಕ್ಷೆ ಏನೂ ಹೇಳದು.

ಲಿವರ್‌ನ ನೀರುಗುಳ್ಳೆ ಅಲ್ಟ್ರಾಸೌಂಡ್‌ನಲ್ಲಿ ಕಾಣುತ್ತದೆ. ಅದಕ್ಕೆ ಸೂಜಿ ಚುಚ್ಚಿ ನೋಡೋಣ ಎಂದು ಅವಸರ ಮಾಡುವಂತಿಲ್ಲ. ಒಳಗಿನ ನೀರು ಸೋರಿದರೆ ತೀವ್ರ ಅಲರ್ಜಿಯಾಗಿ ಜೀವಕ್ಕೆ ಅಪಾಯ ಬರಬಹುದು. ಅನುಭವ ಇರುವವರು ತಯಾರಿ ಮಾಡಿಕೊಂಡೇ ಅದಕ್ಕೆ ಕೈ ಹಾಕಬೇಕು. ಆ್ಯಂಜಿಯೋಸ್ಟ್ರಾಂಜಿಲಸ್ ಅನುಮಾನ ಇದ್ದರೆ ಬೆನ್ನುಹುರಿಯ ನೀರು ತೆಗೆದು ಅದರಲ್ಲಿ ಇಯೊಸಿನೊಫಿಲ್ ಎಷ್ಟಿದೆ ನೋಡುತ್ತಾರೆ.

ಹಂತ 7: ರಿಪೋರ್ಟ್ ಓದುವಾಗ

"ಮೊಟ್ಟೆ, ಸಿಸ್ಟ್ ಕಾಣಲಿಲ್ಲ" ಎಂದಿದ್ದರೆ ಆ ದಿನದ ಆ ಚೂರಿನಲ್ಲಿ ಕಾಣಲಿಲ್ಲ ಎಂದಷ್ಟೇ ಅರ್ಥ. ನಿಮ್ಮ ಹಾಳೆಯ ದಿನಗಳ ಪಕ್ಕದಲ್ಲಿಟ್ಟು ನೋಡಿ.

"ಟೀನಿಯಾ ಜಾತಿಯ ಮೊಟ್ಟೆ" ಎಂದಿದ್ದರೆ ಹಂದಿಯದ್ದೋ ದನದ್ದೋ ಗೊತ್ತಾಗಿಲ್ಲ ಎಂದರ್ಥ. ಎರಡರ ಮೊಟ್ಟೆಯೂ ಮೈಕ್ರೋಸ್ಕೋಪಿನಲ್ಲಿ ಒಂದೇ ಥರ ಕಾಣುತ್ತದೆ. ತುಂಡು ಸಿಕ್ಕರೆ ಅದರ ಗರ್ಭಕೋಶದ ಕವಲು ಎಣಿಸಿ ಹೇಳಬಹುದು, ಪಿಸಿಆರ್ ಎಂಬ ವಂಶವಾಹಿ ಪರೀಕ್ಷೆಯಿಂದಲೂ ತಿಳಿಯಬಹುದು. ಯಾವುದೆಂದು ಗೊತ್ತಾಗುವವರೆಗೆ ಅದು ಸೋಲಿಯಂ ಎಂದೇ ತಿಳಿದು ಮನೆಯವರನ್ನು ಕಾಪಾಡಿಕೊಳ್ಳಿ.

ಫ್ಯಾಸಿಯೋಲಾ ಮೊಟ್ಟೆ ಕಂಡರೆ ಹೆದರುವ ಮೊದಲು ಒಂದು ಮಾತು. ಹಿಂದಿನ ದಿನಗಳಲ್ಲಿ ಪ್ರಾಣಿಯ ಲಿವರ್ ತಿಂದಿದ್ದೀರಾ? ಅದರಲ್ಲಿದ್ದ ಮೊಟ್ಟೆ ನಿಮ್ಮ ಕರುಳಿನಿಂದ ಹಾಗೇ ಹಾದುಹೋಗಿರಬಹುದು. ಕೆಲವು ದಿನ ಲಿವರ್ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿದರೆ ನಿಜ ತಿಳಿಯುತ್ತದೆ.

ಇಯೊಸಿನೊಫಿಲ್‌ನಲ್ಲಿ ಶೇಕಡಾ ಲೆಕ್ಕಕ್ಕಿಂತ ಒಟ್ಟು ಸಂಖ್ಯೆ ನೋಡಿ. ಒಂದು ಮೈಕ್ರೋಲೀಟರ್ ರಕ್ತಕ್ಕೆ 500 ದಾಟಿದರೆ ಜಾಸ್ತಿ ಎನ್ನುತ್ತಾರೆ. ಅಲರ್ಜಿ, ಆಸ್ತಮಾ, ಕೆಲವು ಔಷಧಿಗಳಿಂದಲೂ ಅದು ಏರುತ್ತದೆ. ಹುಳು ಮೈಯೊಳಗೆ ಸಂಚರಿಸುವಾಗ ಜೋರಾಗಿ ಏರುತ್ತದೆ. ಕರುಳಿನಲ್ಲಿ ತೆಪ್ಪಗಿರುವ ಲಾಡಿಹುಳುವಿಗೆ ಏರದೇ ಇರಬಹುದು.

ಪ್ರತಿಕಾಯ ಪಾಸಿಟಿವ್ ಬಂದರೆ ಹುಳು ಈಗ ಇದೆ ಎಂದೇ ಆಗಬೇಕಿಲ್ಲ. ವಾಸಿಯಾದ ಮೇಲೂ ಪ್ರತಿಕಾಯ ವರ್ಷಗಟ್ಟಲೆ ಉಳಿಯಬಹುದು. ಒಂದು ಹುಳುವಿನದು ಇನ್ನೊಂದರ ಪರೀಕ್ಷೆಯಲ್ಲಿ ಪಾಸಿಟಿವ್ ತೋರಿಸುವುದೂ ಉಂಟು. "ಈ ಫಲಿತಾಂಶ ನನ್ನ ಲಕ್ಷಣಕ್ಕೂ ನಾನು ತಿಂದದ್ದಕ್ಕೂ ಹೊಂದುತ್ತದಾ ಡಾಕ್ಟ್ರೇ?" ಎಂದು ನೇರವಾಗಿ ಕೇಳಿ.

ಹಂತ 8: ಚಿಕಿತ್ಸೆ ಆದ ಮೇಲೆ ಮತ್ತೊಮ್ಮೆ

ಟೀನಿಯಾ ಇದ್ದವರು ಮಾತ್ರೆ ತೆಗೆದುಕೊಂಡು 1 ತಿಂಗಳಿಗೆ ಒಮ್ಮೆ, 3 ತಿಂಗಳಿಗೆ ಇನ್ನೊಮ್ಮೆ ಮಲ ಪರೀಕ್ಷೆ ಮಾಡಿಸಬೇಕು. ಉದ್ದನೆಯ ತುಂಡು ಹೊರಬಿತ್ತು ಎಂದು ಇದನ್ನು ಬಿಡಬೇಡಿ. ತಲೆ ಕರುಳಿಗೆ ಕಚ್ಚಿಕೊಂಡೇ ಉಳಿದರೆ ಅಲ್ಲಿಂದಲೇ ಹುಳು ಮತ್ತೆ ಬೆಳೆಯುತ್ತದೆ. ಲಿವರ್‌ನ ಚಪ್ಪಟೆಹುಳು ಇದ್ದವರು ಮರುಪರೀಕ್ಷೆಯ ಜೊತೆ ಪಿತ್ತನಾಳದ ಸ್ಕ್ಯಾನ್ ಬೇಕೇ ಎಂದು ಕೇಳಿ. ಮೀನಿನ ಲಾಡಿಹುಳು ಇದ್ದವರು ಬಿ12 ಮಟ್ಟವನ್ನೂ ನೋಡಿಸಿಕೊಳ್ಳಿ.

ಮನೆಯಲ್ಲಿ ಒಬ್ಬರಿಗೆ ಮಿದುಳಿನ ಗುಳ್ಳೆ ಎಂದು ಗೊತ್ತಾದರೆ, ಅಥವಾ ಒಬ್ಬರಿಗೆ ಟೀನಿಯಾ ಸೋಲಿಯಂ ಸಿಕ್ಕರೆ, ಒಟ್ಟಿಗೆ ಇರುವ ಎಲ್ಲರ ಮಲವೂ ಪರೀಕ್ಷೆಯಾಗಬೇಕು. ಮನೆಗೆ ಅಡುಗೆ ಮಾಡಿಕೊಡುವವರು ಹೊರಗಿನವರಾದರೆ ಅವರನ್ನೂ ಗೌರವದಿಂದ, ತಪ್ಪು ಹೊರಿಸದೆ ಕೇಳಿಕೊಳ್ಳಿ. ಕರುಳಿನಲ್ಲಿ ಲಾಡಿಹುಳು ಇರುವವರಿಗೆ ಎಷ್ಟೋ ಸಲ ಯಾವ ತೊಂದರೆಯೂ ಗೊತ್ತಾಗಿರುವುದಿಲ್ಲ. ಅವರ ಮೂರು ದಿನದ ಸ್ಯಾಂಪಲ್‌ಗಳನ್ನೂ ಹಂತ 5ರಲ್ಲಿ ಹೇಳಿದಂತೆಯೇ ಕೊಡಿಸಿ. ರಿಪೋರ್ಟ್ ಬರುವವರೆಗೆ ಶೌಚದ ನಂತರ, ಅಡುಗೆ ಮುಟ್ಟುವ ಮೊದಲು ಎಲ್ಲರೂ ಸೋಪು ಹಾಕಿ ಉಗುರಿನ ಸಂದಿಯವರೆಗೆ ಕೈ ತೊಳೆಯಲಿ.